ನೀರು ಸಿಗಬಾರದ ಗುಂಡಿ

ಗುಂಡಿ ಎಷ್ಟು ಆಳವಿತ್ತು ಎಂದು ಕೇಳಿದವರಿಗೆ ಒಮ್ಮೆ ಹನ್ನೆರಡು ಅಡಿ ಎಂದಿದ್ದೇನೆ, ಇನ್ನೊಮ್ಮೆ ಇಪ್ಪತ್ತು. ಹೆದರಿಕೆ ಹೆಚ್ಚಿದ ದಿನ ಅದು ಇನ್ನೂ ಆಳವಾಗುತ್ತದೆ. ಅರುವತ್ತರ ದಶಕದ ಮೊದಲ ವರ್ಷಗಳು. ಉಡುಪಿಯಿಂದ ಮಣಿಪಾಲಕ್ಕೆ ಹತ್ತುವ ದಾರಿಯ ಬದಿಯಲ್ಲಿದ್ದ, ಈಗ ಇಲ್ಲದ ಒಂದು ಚಿಕ್ಕ ಆಸ್ಪತ್ರೆಯಲ್ಲಿ ನಾನು ಓವರ್‌ಸಿಯರ್ ಆಗಿದ್ದೆ.

ಅಲ್ಲಿ ಕ್ಯಾನ್ಸರ್ ಗಡ್ಡೆಗೆ ರೇಡಿಯಂ ಸೂಜಿ ಚುಚ್ಚಿ ಇಡುತ್ತಿದ್ದರು. ಎರಡು ಸೂಜಿ ಮುರಿದಿದ್ದವು. ಅವನ್ನೂ ಅವು ತಾಗಿದ ಹತ್ತಿಯನ್ನೂ ಸೀಸದ ಡಬ್ಬಿಯಲ್ಲಿ ಹಾಕಿ ಹೂಳಬೇಕೆಂದು ಡಾಕ್ಟರು ಹೇಳಿದರು. "ಇದರ ವಿಕಿರಣ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಗೊತ್ತಾಗುವುದಿಲ್ಲ. ನಮ್ಮ ಮೊಮ್ಮಕ್ಕಳ ಕಾಲಕ್ಕೂ ಆರುವುದಿಲ್ಲ. ನೀರು ಮಾತ್ರ ತಾಗಬಾರದು."

ಕಾಪುವಿನಿಂದ ಬಾವಿ ತೋಡುವ ಮುದುಕರೊಬ್ಬರನ್ನು ಕರೆಸಿದೆ. ಆಸ್ಪತ್ರೆಯ ಹಿಂದಿನ ಗುಡ್ಡ ತೋರಿಸಿ, "ಇಲ್ಲಿ ಎಲ್ಲಿಯಾದರೂ ಒಂದು ಗುಂಡಿ ತೋಡಿ" ಎಂದು ಹೇಳಿ, ಚಪ್ಪಡಿ ಕಲ್ಲು ತರಲು ಕಾರ್ಕಳಕ್ಕೆ ಹೋದೆ. ಏನು ಹೂಳಲಿಕ್ಕೆ ಎಂದು ಹೇಳಲಿಲ್ಲ. ಹೇಳಿದರೆ ಹಾರೆ ಮುಟ್ಟುವವರು ಸಿಗಲಿಕ್ಕಿಲ್ಲ ಎಂಬ ಭಯ.

ಚಪ್ಪಡಿ ಕೂರಿಸಿ, ಸಿಮೆಂಟು ಬಳಿದು, ಡಬ್ಬಿ ಇಳಿಸಿ ಮುಚ್ಚಿದೆವು. ಮುದುಕರು ತಲೆ ಕೆರೆಯುತ್ತ ನಿಂತಿದ್ದರು.

"ಇಷ್ಟು ಬೇಗ ಮುಚ್ಚುವುದಾ ಸ್ವಾಮೀ? ಇನ್ನು ಸ್ವಲ್ಪ ಇಳಿದಿದ್ದರೆ ಜಲ ಸಿಗ್ತಿತ್ತು."

"ಜಲವಾ?"

"ಮತ್ತೆ? ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಇಡೀ ಗುಡ್ಡ ಸುತ್ತಿದ್ದೇನೆ. ಇಲ್ಲಿ ಬಂದಾಗ ಎದ್ದು ನಿಂತಿತು. ನೀರಿಲ್ಲದ ಕಡೆ ನಾನು ಹಾರೆ ಹಾಕುವವನಲ್ಲ."

ಒರತೆ ಯಾವ ಕಡೆಗೆ ಹೋಗುತ್ತದೆ ಎಂದು ಕೇಳಿದೆ. ಅವರು ಗದ್ದ ಎತ್ತಿ ಗುಡ್ಡದ ಬುಡ ತೋರಿಸಿದರು. ಅಲ್ಲಿ ನಮ್ಮ ಬಾಡಿಗೆ ಮನೆ, ಅದರ ಅಂಗಳದ ಬಾವಿ. ನನ್ನ ಹೆಂಡತಿಗೆ ಆಗ ಐದು ತಿಂಗಳು.

ಡಾಕ್ಟರಿಗೆ ಹೇಳಲಿಲ್ಲ. ಸಿಮೆಂಟು ತಡೆಯುತ್ತದೆ ಎಂದು ಬೆಳಿಗ್ಗೆ ನಂಬಿದ್ದನ್ನು ಮಧ್ಯಾಹ್ನ ನಂಬಲಾಗುತ್ತಿರಲಿಲ್ಲ. ಈ ಗುಡ್ಡದ ಮುರಕಲ್ಲು ಮೈಯೆಲ್ಲ ತೂತು. ಮಳೆಗೆ ಅದೊಂದು ಜರಡಿ. ಮೊದಲ ಮಳೆ ಬಿದ್ದ ಮರುದಿನದಿಂದ ರಸ್ತೆಯಾಚೆಯ ಬಾವಿಯಿಂದ ಎರಡೆರಡು ಕೊಡ ನೀರು ಹೊತ್ತು ತರತೊಡಗಿದೆ.

ಮನೆಯ ಒಡತಿ ಕಲ್ಯಾಣಪುರದ ಕಡೆಯ ಕೊಂಕಣಿ ಕ್ರಿಶ್ಚಿಯನ್ ಹೆಂಗಸು. ಬಾಯಮ್ಮ ಎಂದು ಕರೆಯುತ್ತಿದ್ದೆವು. ಅವರ ಬಾವಿಯಿಂದ ಐದು ಮನೆಯವರು ಸೇದುತ್ತಿದ್ದರು. ಮೂರು ವಾರ ನೋಡಿ, ಒಂದು ದಿನ ನನ್ನನ್ನು ಅಂಗಳದಲ್ಲಿ ನಿಲ್ಲಿಸಿದರು.

"ಎಂತ ಮಾರಾಯ್ರೆ, ನನ್ನ ಬಾವಿಗೆ ಜ್ವರ ಬಂದಿದೆಯಾ?"

"ಕೆಸರು ಉಂಟು ಬಾಯಮ್ಮ."

"ಹೇಳಿದರೆ ಕೇಳುವುದಿಲ್ಲ. ದಾರಿಯವರೆಲ್ಲ ನಗ್ತಾರೆ" ಎಂದಳು ಹೆಂಡತಿ, ಬಾಗಿಲಿನಿಂದ.

ಬಾಯಮ್ಮ ಬಾವಿಗೆ ಕೊಡ ಇಳಿಸಿ, ಸೇದಿ, ಚೆಂಬಿಗೆ ಬಗ್ಗಿಸಿದರು. "ಎಲ್ಲಿ ಉಂಟು ಕೆಸರು? ತೋರಿಸಿ." ಮತ್ತೆ ನನ್ನ ಮುಖ ನೋಡುತ್ತಲೇ ಗಟಗಟ ಕುಡಿದರು. ಚೆಂಬು ಹಿತ್ತಾಳೆಯದೋ ತಾಮ್ರದ್ದೋ, ನೆನಪು ಒಂದೊಂದು ದಿನ ಒಂದೊಂದು ಹೇಳುತ್ತದೆ. ಅವರ ಗಂಟಲು ಏರಿಳಿದದ್ದು ಮಾತ್ರ ಬದಲಾಗಿಲ್ಲ.

ಉಳಿದ ನೀರನ್ನು ಅವರು ನನ್ನ ಹೆಂಡತಿಯ ಕಡೆ ಚಾಚಿದರು. ಅವಳು ನಗುತ್ತ ಕೈ ನೀಡಿದಳು.

"ಬೇಡ" ಎಂದೆ.

ಬಾಯಮ್ಮ ಚೆಂಬನ್ನು ಕಟ್ಟೆಯ ಮೇಲಿಟ್ಟರು. "ನಾನು ಕುಡಿಯುವಾಗ ಯಾಕೆ ಹೇಳಲಿಲ್ಲ?"

ಆಗ ಹೇಳಿದೆ. ಸೂಜಿ, ಡಬ್ಬಿ, ಒರತೆ, ಎಲ್ಲ ಹಿಂದುಮುಂದಾಗಿ. ಮುಗಿಯುವ ಮೊದಲೇ ಅವರು ರಾಟೆಯಿಂದ ಹಗ್ಗ ಬಿಚ್ಚಿ, ಸುತ್ತಿ, ಕಂಕುಳಲ್ಲಿಟ್ಟುಕೊಂಡು ಪಕ್ಕದ ಮನೆಯ ಕಡೆ ನಡೆದರು.

ಹೆಂಡತಿ ಅಲ್ಲೇ ಮೆಟ್ಟಿಲ ಮೇಲೆ ಕೂತಳು.

"ನೀವು ತಂದ ನೀರು ಬಾಯಿಗೆ ಚೊಗರು" ಎಂದಳು. "ಅದರಲ್ಲಿ ಪಾತ್ರೆ ತೊಳೆದೆ. ಕುಡಿದದ್ದು ಇದನ್ನೇ."