ಟೀಪಾಯಿಯ ಮೇಲೆ ರೊಟ್ಟಿ

ಅತ್ತೆಯವರ ಮೊಣಕಾಲಿನ ಸಂಧಿವಾತ ಯಾವಾಗ ಶುರುವಾಯಿತೆಂದು ಯಾರಾದರೂ ಕೇಳಿದರೆ ಥಟ್ಟನೆ ಉತ್ತರ ಹೇಳಿಬಿಡುತ್ತೇನೆ. ಆಮೇಲೆ ಡೈರಿ ತೆಗೆದು ನೋಡಿದರೆ ಒಂದು ವರ್ಷ ತಪ್ಪಿರುತ್ತದೆ. ಆದರೆ ನಾವಿರುವ ಹಡಪಸರದ ಫಿಸಿಯೋಥೆರಪಿಸ್ಟ್ ಹುಡುಗಿ, ಇನ್ನು ನೆಲದ ಮೇಲೆ ಕೂರುವುದು ಬಂದ್, ಕುರ್ಚಿಯಲ್ಲಿ ಕೂತು ದಿನವೂ ಕಾಲು ಚಾಚಬೇಕು ಎಂದು ಮರಾಠಿಯಲ್ಲಿ ಹೇಳಿದ್ದು ಸರಿಯಾಗಿ ನೆನಪಿದೆ. ಅವಳೆದುರು ಅತ್ತೆ ತಲೆಯಾಡಿಸಿದರು. ರಿಕ್ಷಾ ಹತ್ತಿದ ಮೇಲೆ ನನ್ನ ಕಡೆ ತಿರುಗಿದರು.

"ಮತ್ತ ರೊಟ್ಟಿ ಯಾರ ಬಡೀತಾರ? ಆಕಿ ಬರ್ತಾಳೇನು?"

ಧಾರವಾಡ ಬಿಟ್ಟು ನಲವತ್ತು ವರ್ಷವಾದರೂ ಅವರು ಹಿಟ್ಟು ನಾದುವ ಅಗಲ ಪರಾತವನ್ನು ನೆಲಕ್ಕಿಟ್ಟು, ಮಣೆಯ ಮೇಲೆ ಕೂತೇ ಜೋಳದ ರೊಟ್ಟಿ ಬಡಿಯುವವರು. ಗಿಡ್ಡನೆಯವರು, ಅಡುಗೆಕಟ್ಟೆಯೆದುರು ನಿಂತರೆ ಕೈಗೆ ಬಲ ಸಿಗುವುದಿಲ್ಲ. ನನ್ನ ಗಂಡ ಅಂಗಡಿಯಿಂದ ಕಡಕ್ ರೊಟ್ಟಿ ತಂದರು. ಅತ್ತೆ ಎರಡು ದಿನ ಬರೀ ಅನ್ನ ಉಂಡರು. ರೊಟ್ಟಿ ಕೈಬಿಟ್ಟರೆ ತಮ್ಮದೇ ಮನೆಯಲ್ಲಿ ನೆಂಟರಂತಾಗುವ ಹೆದರಿಕೆ ಅವರಿಗೆ ಎಂದು ಡೈರಿಯಲ್ಲಿ ಬರೆದಿದ್ದೇನೆ. ಅವರೇ ಹೇಳಿದ್ದೋ, ನಾನು ಊಹಿಸಿದ್ದೋ, ಈಗ ಗೊತ್ತಿಲ್ಲ.

ಮೂರನೆಯ ದಿನ ಹಾಲ್‌ನ ಟೀಪಾಯಿ ಖಾಲಿ ಮಾಡಿ ಪರಾತ ಇಟ್ಟೆ, ಎದುರಿಗೆ ಕುರ್ಚಿ ಹಾಕಿದೆ.

"ಸೋಫಾದ ಮುಂದ ರೊಟ್ಟಿ! ಮಂದಿ ನೋಡಿದ್ರ ಏನಂದಾರು?"

"ಟಿವಿ ನೋಡ್ಕೋತ ಬಡೀರಿ, ಅತ್ಯಾರ."

"ರುಚಿ ಬರಂಗಿಲ್ಲ, ನೋಡು."

ಬಡಿದರು. ಸೋಫಾಕ್ಕೆಲ್ಲ ಹಿಟ್ಟು. ನಾನು ಮರೆತದ್ದು ಒಂದೇ: ಒಲೆ ಅಡುಗೆಮನೆಯಲ್ಲೇ ಉಳಿದಿತ್ತು. ಬಡಿದ ರೊಟ್ಟಿಯನ್ನು ಅಂಗೈ ಮೇಲೆ ಹೊತ್ತು ಓಡಬೇಕಾಯಿತು. ಮೊದಲನೆಯದು ದಾರಿಯಲ್ಲೇ ಹರಿಯಿತು. ನಾನು ತವೆಯಿಂದ ಮರಳುವಷ್ಟರಲ್ಲಿ ಅತ್ತೆ ಕಾಲು ನೆಟ್ಟಗೆ ಚಾಚಿ, ಹತ್ತು ಎಣಿಸಿ ಇಳಿಸುತ್ತಿದ್ದರು.

"ಹನ್ನೆರಡು ರೊಟ್ಟಿಗೆ ಹನ್ನೆರಡು ಸಲ. ಆ ಹುಡುಗಿಗೆ ಹೇಳು."

"ನನ್ನ ಮೊಣಕಾಲಿಗೆ ಏನ್ ಹೇಳ್ಲಿರಿ?"

"ನಿನಗೂ ವ್ಯಾಯಾಮ ಬೇಕ. ಭಾಳ ಕೂಡ್ತಿ ಕಂಪ್ಯೂಟರ್ ಮುಂದ."

ರುಚಿ ಮೊದಲಿನಷ್ಟಿಲ್ಲ ಎಂದು ನನಗನಿಸಿತ್ತು. ಆದರೆ ಮೊದಲಿನ ರೊಟ್ಟಿಯ ಬಗ್ಗೆ ಡೈರಿಯಲ್ಲಿ ಒಂದು ಸಾಲೂ ಇಲ್ಲ. ಆ ರುಚಿಯನ್ನು ನಾನೇ ಈಚೆಗೆ ಕಟ್ಟಿಕೊಂಡಿರಬಹುದು.

ಕೊನೆಯ ರೊಟ್ಟಿಯಾದ ಮೇಲೆ, ಮಣೆಯಿಂದ ಎಬ್ಬಿಸುತ್ತಿದ್ದ ಅಭ್ಯಾಸದಂತೆ, ಕೈ ಚಾಚಿದೆ. ಅತ್ತೆ ಅದನ್ನು ನೋಡಿದರು. ಕುರ್ಚಿಯ ತೋಳು ಹಿಡಿದು ತಾವೇ ಎದ್ದರು. ಚಾಚಿದ ನನ್ನ ಕೈಗೆ ಖಾಲಿ ಪರಾತ ಕೊಟ್ಟರು.

"ನಾಳೆ ತವಾ ಲಗೂ ಕಾಯಿಸು."