ಹದಿನೈದು ನಿಮಿಷದ ನೀರು

ನಾನು ಏಳು ವರ್ಷ ನಮ್ಮೂರ ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸ ಮಾಡಿದೆ. ಜೇವರ್ಗಿ ತಾಲೂಕಿನಲ್ಲಿ, ಕೊಳಕೂರಿನಿಂದ ಆಚೆ, ಸಣ್ಣ ಊರು ನಮ್ಮದು. ಊರ ಅಂಚಿಗೆ ಎತ್ತರದ ನೀರಿನ ಟಾಕಿ. ಅದರ ಬುಡದಲ್ಲಿ ಮೂರು ವಾಲು: ಒಂದು ಮೇಲಿನ ಓಣಿಗೆ, ಒಂದು ನಡು ಓಣಿಗೆ, ಮೂರನೆಯದು ನಮ್ಮ ಓಣಿಗೆ. ನಮ್ಮ ಓಣಿ ಇರುವುದು ತಗ್ಗಿನಲ್ಲಿ. ಲೋಕದಲ್ಲಿ ನೀರು ತಗ್ಗಿಗೆ ಹರಿಯುತ್ತದೆ, ನಮ್ಮೂರಲ್ಲಿ ಮಾತ್ರ ಹರಿಯುತ್ತಿರಲಿಲ್ಲ. ಮೇಲಿನವರ ಕೊಡ, ಹಂಡೆ, ದನಗಳ ದೋಣಿ ಎಲ್ಲ ತುಂಬಿದ ಮೇಲೆ ಟಾಕಿಯ ತಳದಲ್ಲಿ ಉಳಿದ ಕೆಸರು ನೀರು ನಮಗೆ ಬರುತ್ತಿತ್ತು.

ಅಜ್ಜನ ಕಾಲದಲ್ಲಿ ನಮ್ಮ ಓಣಿಯ ಹತ್ತು ಹನ್ನೆರಡು ಮನೆಯವರು ಕ್ರೈಸ್ತರಾದರು. ಚರ್ಚು ಬಂತು, ಭಾನುವಾರದ ಬಿಳಿ ಅಂಗಿ ಬಂತು. ಓಣಿ ಇದ್ದಲ್ಲೇ ಇತ್ತು. ನನ್ನ ತಾಯಿ ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಳು. ಸಾಕಿದವಳು ದೊಡ್ಡವ್ವ. ಓದು ಬರಹ ಇಲ್ಲದ ಅವಳಿಗೆ ಪ್ರಾರ್ಥನೆಗಳೆಲ್ಲ ಬಾಯಿಗೆ ಬರುತ್ತಿದ್ದವು. ಹೊಲದಲ್ಲಿ ಹತ್ತಿ ಬಿಡಿಸುವಾಗಲೂ ಗುನುಗುತ್ತಿದ್ದಳು.

ಕೆಲಸ ನನಗೆ ಸಿಕ್ಕದ್ದು ಯಾರ ಪ್ರೀತಿಯಿಂದಲೂ ಅಲ್ಲ. ಮೇಲಿನ ಓಣಿಯ ಇಬ್ಬರು ಮೆಂಬರರು ತಮ್ಮ ತಮ್ಮ ಮನುಷ್ಯನನ್ನು ಹಾಕಬೇಕೆಂದು ಜಗಳಾಡಿದರು. ಒಬ್ಬನ ಮನುಷ್ಯ ಇನ್ನೊಬ್ಬನಿಗೆ ಆಗುತ್ತಿರಲಿಲ್ಲ. ಕೊನೆಗೆ ಪಿಯುಸಿ ಓದಿ ಕೂಲಿ ಮಾಡುತ್ತಿದ್ದ ನನ್ನನ್ನು ಕರೆದರು. ಇವನು ಯಾರ ಕಡೆಯವನೂ ಅಲ್ಲ ಅಂತ ಇಬ್ಬರಿಗೂ ಸಮಾಧಾನವಾಯಿತು.

ಮೊದಲ ದಿನ ಬೆಳಿಗ್ಗೆ ವಾಲಿನ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದ್ದು ನೆನಪಿದೆ. ಚರ್ಚಿನಲ್ಲಿ ಎಷ್ಟು ಸಲ ಮೊಣಕಾಲೂರಿದ್ದೆನೋ, ಆದರೆ ದೇವರು ನನ್ನ ಎದುರಿಗೇ ನಿಂತಿದ್ದಾನೆ ಅನ್ನಿಸಿದ್ದು ಅಲ್ಲಿ, ಆ ತುಕ್ಕು ಹಿಡಿದ ಕಬ್ಬಿಣದ ಮುಂದೆ. ಮೂರು ಓಣಿಗೂ ಸಮ ಬಿಡುತ್ತೇನೆ ಅಂತ ಮಾತು ಕೊಟ್ಟೆ. ಓಣಿಗೆ ನಲವತ್ತು ನಿಮಿಷ. ಗಡಿಯಾರ ನೋಡಿ ತೆರೆಯುವುದು, ಗಡಿಯಾರ ನೋಡಿ ಮುಚ್ಚುವುದು. ನಮ್ಮ ಓಣಿಯ ನಳದಲ್ಲಿ ಮೊದಲ ಬಾರಿ ತಿಳಿನೀರು ರಭಸದಿಂದ ಬಂದಾಗ ದೊಡ್ಡವ್ವ ಕೊಡ ಅಲ್ಲೇ ಬಿಟ್ಟು ಟಾಕಿಯ ತನಕ ನಡೆದು ಬಂದು ನನ್ನ ಗಲ್ಲ ಮುಟ್ಟಿ ನೆಟಿಕೆ ಮುರಿದಳು.

ಮೇಲಿನ ಓಣಿಯವರು ಸುಮ್ಮನೆ ಕೂಡಲಿಲ್ಲ. ಆ ಇಬ್ಬರಲ್ಲಿ ಹಿರಿಯ ಮೆಂಬರರು ಒಂದು ದಿನ ಬೈಕು ನಿಲ್ಲಿಸಿ ಕೇಳಿದರು.

"ಮನ್ಯಾಗ ಮದಿವಿ ಅದ. ಹತ್ತು ಮಿನಿಟ್ ಜಾಸ್ತಿ ಬಿಡು."

"ಟ್ಯಾಂಕರ್ ತರಸ್ರಿ ಸಾಹೇಬ್ರ. ನಾ ಬಿಟ್ರ ಕೆಳಗಿನವ್ರಿಗಿ ಕಮ್ಮಿ ಬೀಳ್ತದ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯೇಸು ಹೇಳ್ಯಾನೇನು ಹಿಂಗ ಮಾಡು ಅಂತ?"

"ಹೌದ್ರಿ" ಅಂದೆ. ಅವರು ನಕ್ಕು ಹೋದರು. ಆ ನಗುವಿನ ಅರ್ಥ ನನಗೆ ಆಗ ತಿಳಿಯಲಿಲ್ಲ. ಗೆದ್ದೆ ಅಂದುಕೊಂಡೆ.

ಏಳನೆಯ ಬೇಸಿಗೆಯಲ್ಲಿ ಟಾಕಿಗೆ ನೀರೆತ್ತುವ ಎರಡು ಬೋರುಗಳಲ್ಲಿ ಒಂದು ಬತ್ತಿತು. ಟಾಕಿ ಅರ್ಧವೂ ತುಂಬುತ್ತಿರಲಿಲ್ಲ. ನಲವತ್ತು ನಿಮಿಷ ಇದ್ದದ್ದು ಹದಿನೈದಕ್ಕೆ ಇಳಿಯಿತು, ಅದೂ ದಿನ ಬಿಟ್ಟು ದಿನ. ಆಗಲೂ ಮೂರು ಓಣಿಗೆ ಹದಿನೈದು ಹದಿನೈದೇ. ನಮ್ಮ ಓಣಿಯಲ್ಲಿ ಜನ ಹೆಚ್ಚು, ನಳ ಕಡಿಮೆ. ಮೇಲಿನ ಓಣಿಯವರಿಗೆ ಹೊಲದಲ್ಲಿ ಸ್ವಂತ ಬೋರುಗಳಿದ್ದವು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಗಡಿಯಾರವನ್ನೇ ನೋಡಿದೆ.

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರ್ ನನ್ನನ್ನು ನಿಲ್ಲಿಸಿಕೊಂಡರು. ಜೊತೆಗೆ ಸಭೆಯ ಹಿರಿಯರು ಮೂವರು. ಅವತ್ತು ಪಾಸ್ಟರ್ ಬೋಧಿಸಿದ್ದು ವೈರಿಗಳನ್ನು ಪ್ರೀತಿಸುವುದರ ಬಗ್ಗೆ.

"ನಮ್ಮ ಓಣಿಗಿ ಅರ್ಧ ತಾಸು ಬಿಡಪ್ಪ" ಅಂದರು. "ಅವರು ಅಜ್ಜ ಮುತ್ಯಾನ ಕಾಲದಿಂದ ಕುಡದಾರ. ಈಗ ವಾಲು ನಮ್ಮವನ ಕೈಯಾಗ ಅದ. ಇದು ದೇವರು ಕೊಟ್ಟ ಅವಕಾಶ."

"ನನಗಿಂತ ಹಿಂದಿನ ನೀರು ಬಿಡವ ಮಾಡಿದ್ದೂ ಇದೇ ಅಲ್ಲೇನ್ರಿ ಪಾಸ್ಟರ್? ಅವನೂ ತನ್ನವರಿಗಿ ಬಿಟ್ಟ."

"ಅದು ಅನ್ಯಾಯ, ಇದು ನ್ಯಾಯ" ಅಂದರು ಹಿರಿಯರಲ್ಲಿ ಒಬ್ಬರು.

ಆಗುವುದಿಲ್ಲ ಅಂದೆ. ದೇವರಿಗೆ ಮಾತು ಕೊಟ್ಟಿದ್ದೇನೆ ಅಂತಲೂ ಅಂದೆ. ಹಾಗೆ ಅನ್ನುವಾಗ ನನ್ನ ದನಿಯಲ್ಲಿ ಒಂದು ಬಿಗುಮಾನ ಇತ್ತು. ಇವರಿಗಿಂತ ನಾನೇ ದೇವರಿಗೆ ಹತ್ತಿರ ಅನ್ನುವ ಬಿಗುಮಾನ. ಅದು ಅವರಿಗೆ ಕೇಳಿಸಿರಬೇಕು. ಪಾಸ್ಟರ್ ಬೈಬಲ್ಲನ್ನು ಚೀಲಕ್ಕೆ ಹಾಕಿಕೊಂಡರು.

ಮನೆಗೆ ಬಂದು ಹೇಳಿದರೆ ಹೆಂಡತಿ ಕೇಳಿಸಿಕೊಂಡು, ಖಾಲಿ ಕೊಡಗಳನ್ನು ಬಗ್ಗಿಸಿ ತೋರಿಸಿದಳು.

"ನಿಮ್ಮ ದೇವರಿಗಿ ನೀರಡಿಕಿ ಆಗಂಗಿಲ್ಲ. ನಿಮ್ಮ ಮಕ್ಕಳಿಗಿ ಆಗ್ತದ."

ಮರುವಾರದಿಂದ ನಳದ ಸರದಿಯಲ್ಲಿ ಹೆಂಗಸರು ಅವಳ ಕೊಡವನ್ನು ಹಿಂದಕ್ಕೆ ಸರಿಸತೊಡಗಿದರು.

ಅದೇ ತಿಂಗಳು ಮೇಲಿನ ಓಣಿಯಿಂದ ಪಂಚಾಯಿತಿಗೆ ಅರ್ಜಿ ಹೋಯಿತು. ನಾನು ನಮ್ಮವರಿಗೆ ಹೆಚ್ಚು ನೀರು ಬಿಡುತ್ತಿದ್ದೇನೆ ಅಂತ ಅದರಲ್ಲಿತ್ತು. ವಿಚಾರಣೆಯ ದಿನ ಕಟ್ಟೆಯ ಮೇಲೆ ಊರೇ ಸೇರಿತು. ನನಗೆ ಹೆದರಿಕೆ ಆಗಲಿಲ್ಲ. ಅರ್ಧ ತಾಸು ಕೇಳಿ, ಇಲ್ಲ ಅನ್ನಿಸಿಕೊಂಡ ಪಾಸ್ಟರೇ ಎದುರಿಗೆ ಕುಳಿತಿದ್ದಾರೆ, ಇನ್ನೇನು ಬೇಕು ಅಂದುಕೊಂಡೆ.

ಹಿರಿಯ ಮೆಂಬರರು ಅವರನ್ನೇ ಕೇಳಿದರು. "ನೀವು ದೇವರ ಕೆಲಸ ಮಾಡವ್ರು, ಸುಳ್ಳು ಹೇಳಂಗಿಲ್ಲ. ಇವ ನಿಮ್ಮ ಓಣಿಗಿ ಜಾಸ್ತಿ ಬಿಡ್ತಾನೋ ಇಲ್ಲೋ?"

ಪಾಸ್ಟರ್ ನೆಲ ನೋಡಿದರು. "ನನಗ ಅದರ ಬಗ್ಗಿ ಗೊತ್ತಿಲ್ರಿ" ಅಂದರು.

ಸಭೆಯ ಹಿರಿಯರನ್ನು ಕೇಳಿದರು. ಅವರೂ ಗೊತ್ತಿಲ್ಲ ಅಂದರು. ಕ್ರೈಸ್ತರಲ್ಲದ ನಮ್ಮ ಓಣಿಯ ಒಬ್ಬ ಮುದುಕ ಮಾತ್ರ ಎದ್ದು, "ಹುಡುಗ ಸಮಾ ಬಿಡ್ತಾನ್ರಿ, ಸುಳ್ಳ್ಯಾಕ ಹೇಳಬೇಕು" ಅಂದ. ಅವನನ್ನು ಕೂಡಿಸಿದರು. ಸಂಜೆಯೊಳಗೆ ನನ್ನ ಕೈಯಿಂದ ಕೆಲಸ ಹೋಯಿತು.

ನನ್ನ ಜಾಗಕ್ಕೆ ಬಂದ ಹೊಸಬ, ಹಿರಿಯ ಮೆಂಬರರ ಮನುಷ್ಯ. ನಮ್ಮ ಓಣಿಗೆ ಐದು ನಿಮಿಷ ಬಂದರೆ ಬಂತು, ಕೆಲವು ದಿನ ಅದೂ ಇಲ್ಲ. ಹೆಂಗಸರು ಅರ್ಧ ಹರದಾರಿ ದೂರದ ಹೊಲದ ಬಾವಿಗೆ ಹೋಗಬೇಕಾಯಿತು. ಅವರ ಸಿಟ್ಟು ಹೊಸಬನ ಮೇಲಿರಲಿಲ್ಲ, ಅವನು ಹೇಗೂ ಮೇಲಿನವನು. ಸಿಟ್ಟೆಲ್ಲ ನನ್ನ ಮೇಲೆ. ನಾನು ಹಾದುಹೋದರೆ ಕೇಳುವಂತೆಯೇ ಅನ್ನುತ್ತಿದ್ದರು: "ವಾಲು ಕೈಯಾಗ ಇದ್ದಾಗ ಒಂದು ಕೊಡ ಜಾಸ್ತಿ ಕೊಡಲಿಲ್ಲ, ದೊಡ್ಡ ಸತ್ಯವಂತ."

ಆ ಬಾವಿಯ ದಾರಿಯಲ್ಲೇ ದೊಡ್ಡವ್ವ ಬಿದ್ದಳು. ತಲೆಯ ಮೇಲೆ ಕೊಡ, ಕಾಲಡಿ ಬಿರುಕು ಬಿಟ್ಟ ಕಪ್ಪು ನೆಲ. ಸೊಂಟ ಮುರಿಯಿತು. ಕಲಬುರಗಿಯ ಆಸ್ಪತ್ರೆಯಿಂದ ಅವಳ ಮಗನ ಮನೆಗೆ ತಂದ ಮೇಲೆ ಹೋಗಿ ಅವಳು ಮಲಗಿದ್ದ ಹೊರಸಿನ ಪಕ್ಕ ಕುಳಿತೆ.

"ದೊಡ್ಡವ್ವಾ, ನಾ ಬಂದೀನಿ."

"ನೀ ಎಲ್ಲಾರ್ಗೂ ಸಮಾ ಅಂದಿ ತಮ್ಮಾ. ಹಂಗಾರ ನಾನೂ ನಿನಗ ಎಲ್ಲಾರಂಗ ಒಬ್ಬಾಕಿ" ಅಂದಳು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದಳು. ನಾನು ಏನೇನೋ ಹೇಳಿಕೊಂಡು ಅತ್ತುಬಿಟ್ಟೆ. ಅವಳು ಹೊರಳಲಿಲ್ಲ. ಎರಡು ತಿಂಗಳಿಗೆ ತೀರಿಕೊಂಡಳು. ಪೆಟ್ಟಿಗೆಗೆ ಹೆಗಲು ಕೊಡಲು ಹೋದಾಗ ಅವಳ ಮಗ ನನ್ನ ಕೈಯನ್ನು ಮೆಲ್ಲಗೆ ತೆಗೆದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಎಲ್ಲರ ಹಿಂದೆ ನಡೆದೆ.

ಅದಾದ ಮೇಲೆ ಊರು ಬಿಟ್ಟು ಅಫಜಲಪುರಕ್ಕೆ ಬಂದೆವು. ಇಲ್ಲಿ ಒಂದು ಕಾಲೇಜಿನಲ್ಲಿ ಅಟೆಂಡರ್ ಆಗಿದ್ದೇನೆ. ಗಂಟೆ ಬಾರಿಸುತ್ತೇನೆ, ಬಾಗಿಲು ತೆರೆಯುತ್ತೇನೆ. ಭಾನುವಾರ ಚರ್ಚಿಗೂ ಹೋಗುತ್ತೇನೆ, ಬಿಟ್ಟಿಲ್ಲ. ಆದರೆ ಪಾದ್ರಿ ಪ್ರಾರ್ಥನೆಗೆ ಕಣ್ಣು ಮುಚ್ಚಿರಿ ಅಂದಾಗ ನಾನು ಮುಚ್ಚುವುದಿಲ್ಲ. ಮುಚ್ಚಿದವರ ಮುಖಗಳನ್ನು ನೋಡುತ್ತಾ ನಿಲ್ಲುತ್ತೇನೆ.

ಹೋದ ವರ್ಷ ಇಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಊರಿನ ಪಾಸ್ಟರ್ ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಎರಡೂ ಕೈ ಹಿಡಿದುಕೊಂಡರು.

"ಡಿಸೆಂಬರ್‌ದಾಗ ನಮ್ಮ ಚರ್ಚಿನ್ಯಾಗ ಕೂಟ ಅದ. ಬಂದು ಸಾಕ್ಷಿ ಹೇಳು. ನೀ ಪಟ್ಟ ಕಷ್ಟ ಕೇಳಿದ್ರ ಜನರ ವಿಶ್ವಾಸ ಗಟ್ಟಿ ಆಗ್ತದ."

"ಏನಂತ ಹೇಳಲಿರಿ?"

"ದೇವರು ನಿನ್ನ ಕೈ ಬಿಡಲಿಲ್ಲ ಅಂತ."

"ಸಾಕ್ಷಿ ಹೇಳೂ ದಿನ ಒಂದಿತ್ತು ಪಾಸ್ಟರ್. ಅವತ್ತು ನೀವು ನೆಲ ನೋಡಿದ್ರಿ."

ಅವರ ಕಣ್ಣುಗಳು ತುಂಬಿದವು. "ನನಗೂ ಮಕ್ಕಳಿದ್ವು, ಅದೇ ಊರಾಗ ಇರಬೇಕಿತ್ತು" ಅಂದರು. ನಾನು ಕೈ ಬಿಡಿಸಿಕೊಂಡೆ. ಕ್ಷಮಿಸಿದೆ ಅಂದುಬಿಡಬಹುದಿತ್ತು, ಒಂದೇ ಮಾತು. ನಾಲಿಗೆಯ ತುದಿಗೆ ಬಂದ ಅದನ್ನು ನುಂಗಿಕೊಂಡೆ. ಜೇವರ್ಗಿಯ ಬಸ್ಸು ಬಂತು. ಹತ್ತುವ ಗದ್ದಲದಲ್ಲಿ ಅವರ ಚಪ್ಪಲಿ ಒಂದು ಕೆಳಗೆ ಉಳಿಯಿತು. ಕಿಟಕಿಯಿಂದ ಕೈ ಚಾಚಿದರು. ಎತ್ತಿ ಕೊಟ್ಟೆ, ಮುಖ ನೋಡಲಿಲ್ಲ.