ಐದನೇ ದಿನದ ನೀರು

ವೂಚ್ ನಗರದ ನಮ್ಮ ಪ್ರಯೋಗಾಲಯದಲ್ಲಿ ತೆಕ್ಲಾ ಸೊಬುಟ್ಕಾ ಇಪ್ಪತ್ತೈದು ವರ್ಷ ಹೊಳೆಯುವ ಕಣಗಳನ್ನು ತಯಾರಿಸಿದಳು. ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಗುಂಡುಗಳು, ಒಳಗೆ ಬಣ್ಣ. ರಕ್ತದಲ್ಲಿ ರೋಗದ ಗುರುತಿದ್ದರೆ ಅದಕ್ಕೆ ಅಂಟಿಕೊಂಡು, ನೇರಳಾತೀತ ದೀಪದಡಿ ಹಸಿರಾಗಿ ಹೊಳೆಯುತ್ತವೆ. ಗುಂಡಿನೊಳಗೆ ಸೇರದ ಬಣ್ಣ ಹೊರಗುಳಿದರೆ ರೋಗವಿಲ್ಲದ ರಕ್ತವೂ ಹೊಳೆದು ಮೋಸ ಮಾಡುತ್ತದೆ. ಅದಕ್ಕೇ ತೆಕ್ಲಾ ಕಣಗಳನ್ನು ತೆಳುಪೊರೆಯ ಚೀಲದಲ್ಲಿ ಕಟ್ಟಿ ಏಳು ದಿನ ನೀರಿನಲ್ಲಿ ಇಳಿಬಿಡುತ್ತಿದ್ದಳು; ಹೊರಗುಳಿದ ಬಣ್ಣ ಪೊರೆ ದಾಟಿ ನೀರಿಗೆ ಇಳಿಯುತ್ತಿತ್ತು. ದಿನವೂ ಹಳೇ ನೀರು ಚೆಲ್ಲಿ ಹೊಸದು ಹಾಕುವ ಮೊದಲು ದೀಪಕ್ಕೆ ಹಿಡಿದು ನೋಡುತ್ತಿದ್ದಳು. ಬೇಗ ಮುಗಿಸೆಂದು ನಾನು ಅವಸರಪಡಿಸಿದರೆ ಒಪ್ಪುತ್ತಿರಲಿಲ್ಲ.

“ಇನ್ನೂ ಹೊಳೀತಿದೆ, ಪ್ರೊಫೆಸರಮ್ಮ. ನಮ್ಮಮ್ಮ ಮಿಲ್ಲಲ್ಲಿ ಬಟ್ಟೆಗೆ ಬಣ್ಣ ಹಾಕ್ತಿದ್ಲು. ಜಾಲಿಸಿದ ನೀರು ತಿಳಿಯಾಗೋ ತನಕ ಹಿಂಡೋಕೆ ಬಿಡ್ತಿರಲಿಲ್ಲ.”

“ನಿಮ್ಮಮ್ಮನಿಗೆ ಆಸ್ಪತ್ರೆಯಿಂದ ದಿನಕ್ಕೆ ಮೂರು ಫೋನ್ ಬರ್ತಿರಲಿಲ್ಲ.”

“ಬಂದಿದ್ರೆ ಅವರ ಕೈಗೂ ಬಕೆಟ್ ಕೊಟ್ಟು ಜಾಲಿಸೋಕೆ ಕೂರಿಸ್ತಿದ್ಲು!”

ಇಪ್ಪತ್ತೈದನೇ ವರ್ಷದ ನವೆಂಬರ್ ಒಂದರಂದು, ಸತ್ತವರ ಸಮಾಧಿಗಳ ಮೇಲೆ ದೀಪ ಹಚ್ಚುವ ದಿನ, ತೆಕ್ಲಾ ತಾಯಿಯ ಊರಿಗೆ ಹೋಗಿದ್ದಳು. ಚೀಲಕ್ಕೆ ಅದು ಐದನೇ ದಿನ. ಆಸ್ಪತ್ರೆಯ ಫೋನುಗಳಿಗೆ ಮಣಿದು ನಾನೇ ಬಿಚ್ಚಿ ಕಣಗಳನ್ನು ಸೀಸೆಗಳಿಗೆ ತುಂಬಿದೆ. ಮರುದಿನ ಆಸ್ಪತ್ರೆಗೆ ಕಳಿಸಿದೆ. ಊರೆಲ್ಲ ದೀಪ ಹಚ್ಚಿದ ದಿನ ನಾನೊಂದು ದೀಪ ಹಚ್ಚಿ ನೀರು ನೋಡಲಿಲ್ಲ.

ಅಲ್ಲಿ ರೋಗಿಗಳ ರಕ್ತವೂ ಆರೋಗ್ಯವಂತರ ರಕ್ತವೂ ಒಂದೇ ಸಮ ಹೊಳೆಯಿತು. ನೂರಾ ನಲವತ್ತು ಜನರ ರಕ್ತ ವ್ಯರ್ಥವಾಯಿತು. ಕಣಗಳನ್ನು ತೊಳೆದವರು ಯಾರೆಂದು ನಿರ್ದೇಶಕರು ನಮ್ಮಿಬ್ಬರನ್ನೂ ಕರೆಸಿ ಕೇಳಿದರು.

“ತೊಳೆಯೋದು ತೆಕ್ಲಾ ಅವರ ಕೆಲಸ,” ಎಂದೆ.

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ತೆಕ್ಲಾ ನನ್ನ ಮುಖ ನೋಡಿದಳು. ಅವಳನ್ನು ಗಾಜಿನ ಪಾತ್ರೆ ತೊಳೆಯುವ ಕೋಣೆಗೆ ಹಾಕಿದರು. ನಾಲ್ಕು ವರ್ಷ ಅಲ್ಲಿದ್ದಳು. ನನ್ನ ಪಾತ್ರೆಗಳನ್ನು ಬೇರೆಯವರ ಕೈಲಿ ಕಳಿಸುತ್ತಿದ್ದೆ.

ನಿವೃತ್ತಿಯ ದಿನ ಗಸಗಸೆ ಕೇಕ್ ಹಂಚುತ್ತಾ ನನ್ನ ಕೋಣೆಗೂ ಬಂದಳು. ಮೇಜಿನ ಮೇಲೆ ಕಂದು ಸೀಸೆಯೊಂದನ್ನಿಟ್ಟಳು. ಮೇಲಿನ ಚೀಟಿಯಲ್ಲಿ ಅವಳ ಕೈಬರಹ: ‘ಐದನೇ ದಿನ’. ಅಂದು ಊರಿಂದ ಮರಳಿದಾಗ ಚೀಲದ ಪಾತ್ರೆಯಲ್ಲಿ ಉಳಿದಿದ್ದ ನೀರನ್ನು ತುಂಬಿಟ್ಟಿದ್ದಳು.

“ಆಗಲೇ ಯಾಕೆ ತೋರಿಸಲಿಲ್ಲ?”

“ನೀವೇ ಕೇಳ್ತೀರಿ ಅಂತ ಇಟ್ಕೊಂಡಿದ್ದೆ. ಇವತ್ತು ಬೀರು ಖಾಲಿ ಮಾಡ್ಬೇಕಲ್ಲ. ಕೇಕ್ ತಗೊಳ್ಳಿ, ಒಣಗುತ್ತೆ.”

ಅವಳು ಹೋದ ಮೇಲೆ ಸೀಸೆಯನ್ನು ದೀಪದಡಿ ಹಿಡಿದೆ. ಹಸಿರಾಗಿ ಹೊಳೆಯಿತು. ನಿರ್ದೇಶಕರ ಮುಂದಿಟ್ಟು, ಚೀಲ ಬಿಚ್ಚಿದ್ದು ನಾನು ಎಂದೆ.

“ಅಯ್ಯೋ, ಹಳೇ ಕಥೆ ಬಿಡಿ ಮೇಡಂ. ಅವರು ಹೇಗೂ ಹೋದ್ರಲ್ಲ.”

ಬಿಡಲಿಲ್ಲ. ಆ ತಪ್ಪಿನ ಕಡತ ತರಿಸಿ, ಅವರೆದುರೇ ತೆಕ್ಲಾಳ ಹೆಸರು ಹೊಡೆದುಹಾಕಿ ನನ್ನದನ್ನು ಬರೆದೆ. ಅದರ ನಕಲನ್ನು ಅವಳ ಮನೆಗೆ ಅಂಚೆಯಲ್ಲಿ ಕಳಿಸಿದೆ. ತಲುಪಿದೆಯೆಂದು ಅವಳ ರುಜು ಹಾಕಿದ ರಸೀದಿ ಬಂತು. ಅವಳಿಂದ ಪತ್ರ ಮಾತ್ರ ಬರಲಿಲ್ಲ.